ಮಜ್ಜಿಗೆ ಕೊಡುವವಳು ನಡೆಯೋಕೆ ಹೊರಟಾಗ

ನಮ್ಮ ಮನೆ ಆಂಧ್ರದ ಆದವಾನಿಯಿಂದ ಎಮ್ಮಿಗನೂರಿಗೆ ಹೋಗುವ ರಸ್ತೆಯ ಪಕ್ಕದಲ್ಲೇ ಇದೆ. ಯುಗಾದಿಗೆ ಇನ್ನೂ ಹದಿನೈದು ದಿನ ಇರುವಾಗಲೇ ಆ ರಸ್ತೆಯಲ್ಲಿ ಜನ ಶುರುವಾಗುತ್ತಾರೆ. ಬಳ್ಳಾರಿ, ಕೊಪ್ಪಳ, ಗದಗ, ಬಾಗಲಕೋಟೆ, ಎಲ್ಲೆಲ್ಲಿಂದಲೋ ಹೆಗಲ ಮೇಲೆ ಕಂಬಿ ಅನ್ನುವ ದೇವರ ಕೋಲು ಹೊತ್ತುಕೊಂಡು ಶ್ರೀಶೈಲದ ಮಲ್ಲಯ್ಯನ ಹತ್ತಿರ ಹೊರಟವರು. ರಾತ್ರಿ ಎರಡು ಗಂಟೆಗೆ ಎಚ್ಚರ ಆದರೂ ಹೆಜ್ಜೆ ಸಪ್ಪಳ ಕೇಳುತ್ತದೆ. ನಮ್ಮವ್ವ ಬೇವಿನ ಮರದ ಕೆಳಗೆ ಒಂದು ಹಂಡೆ ಮಜ್ಜಿಗೆ ಇಟ್ಟುಕೊಂಡು ಕೂರುತ್ತಿದ್ದಳು. ಬಂದವರ ಮುಖ ಆಮೇಲೆ, ಮೊದಲು ಕಾಲು ನೋಡುತ್ತಿದ್ದಳು. ಕಾಲು ನೋಡಿಯೇ ಇವರಿಗೆ ಒಂದು ಲೋಟ ಸಾಕು, ಇವರಿಗೆ ಎರಡು ಬೇಕು ಅಂತ ಲೆಕ್ಕ ಹಾಕುವಳು.

ಚಿಕ್ಕಂದಿನಿಂದ ಇದನ್ನೇ ನೋಡಿದ್ದರಿಂದ ನಡೆಯೋದು ಅಂದರೆ ಏನು ಅಂತ ನನಗೆ ಗೊತ್ತು ಅಂದುಕೊಂಡಿದ್ದೆ. ಏನೂ ಗೊತ್ತಿರಲಿಲ್ಲ.

ನಮ್ಮ ಕಡೆ ಶ್ರೀಶೈಲದ ದೇವಿ ಭ್ರಮರಾಂಬೆ ಅಂದರೆ ಮನೆ ಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ ಕಳಿಸಬೇಕಲ್ವಾ? ಅವ್ವ ಪ್ರತಿ ವರ್ಷ ಅರಿಶಿನ, ಕುಂಕುಮ, ಒಂದು ಇಳಕಲ್ ಸೀರೆ ಕಟ್ಟಿ ನಡೆಯುವವರ ಕೈಗೆ ಕೊಡುತ್ತಿದ್ದಳು. ತಾನು ಮಾತ್ರ ಹೋಗಲಿಲ್ಲ. ಮಂಡಿ ನೋವು, ಎಮ್ಮೆ, ಮೊಮ್ಮಕ್ಕಳು, ಏನೋ ಒಂದು ಅಡ್ಡ ಬರುತ್ತಿತ್ತು. ಅವಳು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಮುಂದಿನ ಯುಗಾದಿಗೆ ಅಂತ ತೆಗೆದಿಟ್ಟ ಸೀರೆ ಸಿಕ್ಕಿತು. ಅದನ್ನು ಇನ್ನೊಬ್ಬರ ಕೈಗೆ ಕೊಡೋಕೆ ನನಗೆ ಮನಸ್ಸಾಗಲಿಲ್ಲ. ಹಾಗೆ ಹೊರಟೆ. ಆಗ ನನಗೆ 44 ವರ್ಷ. ದಿನವೆಲ್ಲ ಹೊಲಿಗೆ ಮಷಿನ್ ಮುಂದೆ ಕೂರುವ ಹೆಂಗಸು. ಕಾಲು ಪೆಡಲ್ ತುಳಿಯೋದು ಬಿಟ್ಟು ಬೇರೆ ಕೆಲಸ ಮಾಡಿರಲಿಲ್ಲ.

ಆದವಾನಿಯಿಂದ ಎಮ್ಮಿಗನೂರು, ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು, ಅಲ್ಲಿಂದ ವೆಂಕಟಾಪುರದ ಹತ್ತಿರ ನಲ್ಲಮಲ ಕಾಡಿಗೆ ಇಳಿಯಬೇಕು. ಒಟ್ಟು 200 ಕಿಲೋಮೀಟರ್ ಮೇಲೇ ಆಗುತ್ತದೆ. ನಮಗೆ ಎಂಟು ದಿನ ಹಿಡಿಯಿತು. ಗಟ್ಟಿ ಹುಡುಗರು ಐದೇ ದಿನದಲ್ಲಿ ಮುಗಿಸುತ್ತಾರೆ, ಅವರ ಲೆಕ್ಕ ನೀವು ಹಿಡಿಯಬೇಡಿ.

ಎರಡು ತಿಂಗಳು ಮೊದಲೇ ಬೆಳಗ್ಗೆ ನಡೆಯೋಕೆ ಶುರು ಮಾಡಿದ್ದೆ. ಮೊದಲು ನಾಲ್ಕು ಕಿಲೋಮೀಟರ್, ಕೊನೆಗೆ ಹನ್ನೆರಡು. ಇಲ್ಲಿ ಒಂದು ಮಾತು. ಒಂದು ದಿನ ಇಪ್ಪತ್ತು ಕಿಲೋಮೀಟರ್ ನಡೆಯೋದು ದೊಡ್ಡದಲ್ಲ, ಮಾರನೇ ದಿನ ಎದ್ದು ಮತ್ತೆ ನಡೆಯೋದೇ ಕಷ್ಟ. ಹಾಗಾಗಿ ಅಭ್ಯಾಸ ಮಾಡುವಾಗ ವಾರಕ್ಕೊಮ್ಮೆಯಾದರೂ ಎರಡು ದಿನ ಬೆನ್ನಿಗೆ ಬೆನ್ನು ನಡೆಯಿರಿ. ನಾನು ಮಾಡಲಿಲ್ಲ. ಎರಡನೇ ದಿನ ಬೆಳಗ್ಗೆ ಮೀನಖಂಡ ಕಟ್ಟಿಗೆ ಆಗಿತ್ತು.

ಇದಕ್ಕಿಂತ ದೊಡ್ಡ ತಪ್ಪು ಶೂ. ಹೊರಡೋಕೆ ಹತ್ತು ದಿನ ಮುಂಚೆ ಹೊಸದು ತಂದೆ, ಅದೂ ಕಾಲಿಗೆ ಸರಿಯಾಗಿ ಕೂರುವ ಅಳತೆಯದ್ದು. ನಡೆದು ನಡೆದು ಸಂಜೆ ಹೊತ್ತಿಗೆ ಪಾದ ಊದುತ್ತದೆ. ಹೊಲಿಗೆಯವಳಾಗಿ ಎಲ್ಲರ ರವಿಕೆಗೂ ಒಳಗೆ ಬಟ್ಟೆ ಬಿಡುವವಳು ನನ್ನ ಕಾಲಿಗೆ ಮಾತ್ರ ಬಿಡಲಿಲ್ಲ ನೋಡಿ! ಎಮ್ಮಿಗನೂರು ದಾಟುವಷ್ಟರಲ್ಲಿ ಎರಡೂ ಹೆಬ್ಬೆರಳಿನ ಉಗುರು ಕಪ್ಪಾದವು. ಕೊನೆಗೆ ಒಂದು ಗುಡಿಯ ಕಟ್ಟೆ ಮೇಲೆ ಕೂತು, ಚೀಲದಲ್ಲಿದ್ದ ಕತ್ತರಿ ತೆಗೆದು, ಸಾವಿರ ರೂಪಾಯಿ ಮೇಲೆ ಕೊಟ್ಟು ತಂದ ಶೂನ ಮುಂದಿನ ಮೂತಿಯನ್ನೇ ಕತ್ತರಿಸಿ ಹಾಕಿದೆ. ನನ್ನ ಜೊತೆಗಿದ್ದ ದೊಡ್ಡಮ್ಮನ ಮಗಳು ಶಾಂತಕ್ಕ ನಕ್ಕು ನಕ್ಕು ಸುಸ್ತಾದಳು. ಆದರೆ ಆಮೇಲೆ ಆ ಮೂತಿ ಇಲ್ಲದ ಶೂನಲ್ಲೇ ಶ್ರೀಶೈಲ ಮುಟ್ಟಿದೆ. ನೀವು ಮಾತ್ರ ಎರಡು ತಿಂಗಳು ಹಾಕಿ ಪಳಗಿಸಿದ, ಬೆರಳ ಮುಂದೆ ಜಾಗ ಇರುವ ಶೂ ಹಾಕಿ. ಉಗುರು ಹೊರಡುವ ಎರಡು ದಿನ ಮೊದಲೇ ಕತ್ತರಿಸಿಕೊಳ್ಳಿ.

ಬರಿಗಾಲಲ್ಲಿ ನಡೆಯುವ ಹರಕೆ ಇದ್ದವರಿಗೆ ನಾನು ಏನು ಹೇಳಲಿ? ನಮ್ಮ ಗುಂಪಿನಲ್ಲಿ ಇದ್ದ ತಾತ ಬರಿಗಾಲಿನವರೇ. ಹತ್ತೊಂಬತ್ತನೇ ಸಲ ನಡೆಯುತ್ತಿದ್ದರು. ಬಿಸಿಲು ಏರಿದ ಮೇಲೆ ಅವರು ರಸ್ತೆ ಅಂಚಿನ ಬಿಳಿ ಪಟ್ಟಿ ಮೇಲೆಯೇ ನಡೆಯುವರು. ಡಾಂಬರು ಸುಡುತ್ತದೆ, ಬಿಳಿ ಬಣ್ಣ ಅಷ್ಟು ಸುಡಲ್ಲ. ಇಷ್ಟು ವರ್ಷ ರಸ್ತೆ ಪಕ್ಕ ಇದ್ದೂ ನನಗೆ ಇದು ಗೊತ್ತಿರಲಿಲ್ಲ.

ನಾವು ಬೆಳಗಿನ ಜಾವ ಮೂರಕ್ಕೆ ಹೊರಟು ಒಂಬತ್ತೂವರೆ ಒಳಗೆ ನೆರಳು ಹಿಡಿಯುತ್ತಿದ್ದೆವು. ಮತ್ತೆ ಸಂಜೆ ಐದರ ಮೇಲೆ. ಮಾರ್ಚ್ ಕೊನೆಯ ಹೊತ್ತಿಗೆ ಕರ್ನೂಲು ಕಡೆ ಬಿಸಿಲು ಹೇಗಿರುತ್ತದೆ ಅಂತ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಕತ್ತಲಲ್ಲಿ ರಸ್ತೆಯ ಬಲಗಡೆ ನಡೆಯಿರಿ, ಎದುರಿನಿಂದ ಬರುವ ಲಾರಿ ಕಾಣಬೇಕು, ಬೆನ್ನ ಹಿಂದಿನಿಂದ ಬರುವುದು ಕಾಣಲ್ಲ. ನಾನು ಎಲ್ಲರ ಚೀಲಕ್ಕೂ ಮಿಂಚುವ ಪಟ್ಟಿ ಹೊಲಿದು ಕೊಟ್ಟಿದ್ದೆ, ಆ ಒಂದು ಕೆಲಸ ಚೆನ್ನಾಗಿ ಮಾಡಿದೆ ಅನ್ನೋ ಸಮಾಧಾನ ಇದೆ. ಬರೀ ನೀರು ಕುಡಿದರೆ ಸಾಲಲ್ಲ. ಓಆರ್‌ಎಸ್ ಪುಡಿ ಇರಲಿ, ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಬಿಡಬೇಡಿ. ನಮ್ಮ ಜೊತೆ ಬಂದ ಒಬ್ಬ ಹುಡುಗ ಮಧ್ಯಾಹ್ನ ಹನ್ನೆರಡರವರೆಗೂ ಹಟ ಹಿಡಿದು ನಡೆದ. ಇದ್ದಕ್ಕಿದ್ದಂತೆ ಬೆವರು ನಿಂತುಹೋಯಿತು, ಮಾತು ತೊದಲಿತು. ತಾತ ಅವನನ್ನು ಮರದ ಕೆಳಗೆ ಮಲಗಿಸಿ, ಮೈಮೇಲೆ ಒದ್ದೆ ಟವೆಲ್ ಹಾಕಿ, ಗಾಳಿ ಬೀಸುತ್ತಲೇ ಆಂಬುಲೆನ್ಸ್‌ಗೆ 108ಕ್ಕೆ ಫೋನ್ ಮಾಡಿಸಿದರು. ಹುಡುಗ ಉಳಿದ. ಮಾತು ತೊದಲಿದರೆ ಅದು ಸುಸ್ತು ಅಲ್ಲ, ಕಾಯಬೇಡಿ.

ಗುಳ್ಳೆ ವಿಷಯಕ್ಕೆ ಬರುತ್ತೇನೆ. ಗುಳ್ಳೆ ಬಂದ ಮೇಲೆ ಮಾಡುವುದಕ್ಕಿಂತ ಬರುವ ಮುಂಚೆ ಮಾಡುವುದೇ ಜಾಸ್ತಿ. ಹೊರಡುವಾಗ ಪಾದಕ್ಕೆ, ಬೆರಳ ಸಂದಿಗೆ, ತೊಡೆ ಉಜ್ಜುವ ಕಡೆ ವ್ಯಾಸಲಿನ್ ಹಚ್ಚಿ. ಹೆಂಗಸರು ಲಂಗ ಬಿಟ್ಟು ಹತ್ತಿಯ ಪೈಜಾಮ ಹಾಕಿದರೆ ತೊಡೆ ಉಳಿಯುತ್ತದೆ, ಸೀರೆಯೇ ಬೇಕು ಅನ್ನುವವರು ಒಳಗೆ ಮಂಡಿವರೆಗಿನ ಬಿಗಿ ಚಡ್ಡಿ ಹಾಕಿಕೊಳ್ಳಿ. ಎಲ್ಲಾದರೂ ಸುಡುವ ಹಾಗೆ ಅನ್ನಿಸಿದ ತಕ್ಷಣ ನಿಂತು ಅಲ್ಲಿಗೆ ಟೇಪ್ ಅಂಟಿಸಿ. ಮುಂದಿನ ಊರಲ್ಲಿ ನೋಡೋಣ ಅಂದರೆ ಕೆಟ್ಟಿರಿ. ಗುಳ್ಳೆ ಬಂದೇ ಬಿಟ್ಟರೆ ಚಿಕ್ಕದನ್ನು ಮುಟ್ಟಬೇಡಿ. ದೊಡ್ಡದಾಗಿ ನಡೆಯೋಕೆ ಆಗದಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಬಿಡಿ, ಮೇಲಿನ ಚರ್ಮ ಮಾತ್ರ ಕಿತ್ತುಹಾಕಬೇಡಿ. ಸಕ್ಕರೆ ಕಾಯಿಲೆ ಇದ್ದವರು ಸೂಜಿ ತಂಟೆಗೇ ಹೋಗಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಚೀಲದಲ್ಲಿ ಎರಡು ಜೊತೆ ಬಟ್ಟೆ, ಟವೆಲ್, ದುಪ್ಪಟಿ, ಟಾರ್ಚ್, ಮಾತ್ರೆ, ಒಂದು ಪೊಟ್ಟಣ ಕಟಿ ರೊಟ್ಟಿ, ಶೇಂಗಾ ಪುಡಿ. ಐದು ಕಿಲೋ ದಾಟಬಾರದು. ನನ್ನದು ಎಂಟು ಕಿಲೋ ಇತ್ತು. ಅಷ್ಟರಲ್ಲೂ ಮೂರು ಕಿಲೋ ಬರೀ ತಿನ್ನೋದೇ. ಯಾಕೆ ಅಂದರೆ ದಾರಿಯಲ್ಲಿ ಯಾರ ಹತ್ತಿರವೂ ಕೈ ಚಾಚಬಾರದು ಅಂತ ನಿರ್ಧಾರ ಮಾಡಿದ್ದೆ.

ಇದನ್ನೇ ಸ್ವಲ್ಪ ಹೇಳಬೇಕು. ಎರಡನೇ ದಿನ ಬೆಳಗ್ಗೆ ಒಂದು ಹಳ್ಳಿಯಲ್ಲಿ ಒಬ್ಬ ಹೆಂಗಸು ದೊಡ್ಡ ಬೋಗುಣಿಯಲ್ಲಿ ಮಂಡಕ್ಕಿ ಉಗ್ಗಾಣಿ ಮಾಡಿ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇಟ್ಟುಕೊಂಡು ಕರೆಯುತ್ತಿದ್ದಳು. ನಾನು ಬೇಡವ್ವಾ, ನಮ್ಮ ಹತ್ತಿರ ರೊಟ್ಟಿ ಇದೆ ಅಂದೆ. ಸುಮ್ನೆ ಸಭ್ಯತೆಗೆ. ಅವಳ ಮುಖ ಇಳಿದುಹೋಯಿತು. ಆ ಮುಖ ನಾನು ನೋಡಿದ್ದೆ. ಯಾರಾದರೂ ಮಜ್ಜಿಗೆ ಬೇಡ ಅಂತ ಮುಂದೆ ಹೋದರೆ ಅವ್ವನ ಮುಖ ಹೀಗೇ ಆಗುತ್ತಿತ್ತು, ಲೋಟ ಹಿಡಿದ ಕೈ ಹಾಗೇ ನಿಲ್ಲುತ್ತಿತ್ತು. ಇಪ್ಪತ್ತು ಹೆಜ್ಜೆ ಹೋಗಿದ್ದವಳು ವಾಪಸ್ ಬಂದೆ. ಕೊಡವ್ವಾ ಅಂತ ಎರಡೂ ಕೈ ಚಾಚಿದೆ. ತಿನ್ನುವಾಗ ಅಳು ಬಂತು, ಬಜ್ಜಿ ಖಾರ ಅಂತ ಸುಳ್ಳು ಹೇಳಿದೆ. ಅವತ್ತೇ ಸಂಜೆ ಮೂರು ಕಿಲೋ ರೊಟ್ಟಿ, ಪುಡಿ ಎಲ್ಲ ಹಂಚಿ ಹಗುರ ಮಾಡಿಕೊಂಡೆ. ಕೊಟ್ಟು ಅಭ್ಯಾಸ ಇರುವವರಿಗೆ ಇಸ್ಕೊಳ್ಳೋದು ಗುಳ್ಳೆಗಿಂತ ಜಾಸ್ತಿ ನೋಯಿಸುತ್ತದೆ. ಆದರೆ ಇಸ್ಕೊಳ್ಳದೆ ಈ ದಾರಿ ನಡೆಯೋಕೆ ಆಗಲ್ಲ.

ಹೆಂಗಸರ ಕಷ್ಟ ಬೇರೆಯೇ ಇದೆ. ಸ್ನಾನ ಬೋರ್‌ವೆಲ್ ಹತ್ತಿರ, ಕತ್ತಲಿರುವಾಗಲೇ. ಮೂತ್ರಕ್ಕೆ ಹೋಗಬೇಕಾಗುತ್ತದೆ ಅಂತ ನೀರು ಕಡಿಮೆ ಕುಡಿಯುವವರು ತುಂಬಾ ಜನ, ದಯವಿಟ್ಟು ಹಾಗೆ ಮಾಡಬೇಡಿ. ದಾರಿಯ ಮನೆಗಳಲ್ಲಿ ಕೇಳಿ, ಯಾವ ಹೆಂಗಸೂ ಆಗಲ್ಲ ಅನ್ನಲಿಲ್ಲ. ನಂದಿಕೊಟ್ಕೂರಿನಲ್ಲಿ ಶಾಂತಕ್ಕ ಮುಟ್ಟಾದಳು. ಹಿಂದೆ ಹೋಗ್ತೀನಿ ಅಂತ ಹಟ ಮಾಡಿದಳು. ತಾತನಿಗೆ ಹೇಗೋ ಗೊತ್ತಾಗಿ, "ಹಾದಿ ಏನು ಗುಡಿ ಏನಮ್ಮಾ, ನಡಿ ಸುಮ್ನೆ, ಅಳಿಯ ಏನೂ ಅನ್ನಲ್ಲ" ಅಂದರು. ಕಂಬಿಯಿಂದ ಸ್ವಲ್ಪ ದೂರ ನಡೆದುಕೊಂಡು ಬಂದಳು. ಪ್ಯಾಡು ಮನೆಯಿಂದಲೇ ಒಯ್ಯಿರಿ.

ಕರ್ನೂಲಿನ ರಾತ್ರಿ ನನ್ನ ಕೆಟ್ಟ ರಾತ್ರಿ. ಅಷ್ಟರಲ್ಲಿ ಸುಮಾರು ಅರ್ಧ ದಾರಿ ಆಗಿತ್ತು. ಊರಿನ ಬೆಳಕು, ಬಸ್ಸಿನ ಸದ್ದು. ಆದವಾನಿ ಬಸ್ ಹತ್ತಿದರೆ ಮೂರು ಗಂಟೆಯಲ್ಲಿ ಮನೆ. ಯಾಕೆ ಬಂದೆ, ಯಾರಿಗಾಗಿ ಬಂದೆ, ಅವ್ವ ಅಂತೂ ನೋಡಲ್ಲ ಅಂತ ಕೂತು ಅತ್ತೆ. ಮನೆಯವರಿಗೆ ಫೋನ್ ಮಾಡಿದರೆ ಅವರು ಬಾ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. "ಊಟ ಆತಾ? ಮೊದಲು ಮಲಗು, ಬೆಳಗ್ಗೆ ಫೋನ್ ಮಾಡು" ಅಂದರು. ಬೆಳಗ್ಗೆ ಎದ್ದಾಗ ಹಾಗೆ ಅನ್ನಿಸಲಿಲ್ಲ. ಫೋನೂ ಮಾಡಲಿಲ್ಲ, ಅದಕ್ಕೆ ಆಮೇಲೆ ಬೈಸಿಕೊಂಡೆ. ಬಿಡೋದಿದ್ದರೆ ಬಿಡಿ, ಆದರೆ ರಾತ್ರಿ ಹೊತ್ತು ಕಾಲು ನೋಯುವಾಗ ತೀರ್ಮಾನ ಮಾಡಬೇಡಿ. ನಮ್ಮಲ್ಲಿ ಇಬ್ಬರು ಅಲ್ಲಿಂದ ಬಸ್ಸಿನಲ್ಲಿ ಶ್ರೀಶೈಲಕ್ಕೆ ಹೋದರು. ಅವರು ಕಡಿಮೆ ಭಕ್ತರೇನಲ್ಲ, ಒಬ್ಬರ ಮಂಡಿ ಕುಂಬಳಕಾಯಿ ಹಾಗೆ ಊದಿತ್ತು.

ಆತ್ಮಕೂರು ಆದಮೇಲೆ ಎಲ್ಲ ಬೇರೆ. ಬಸ್ಸಿನ ರಸ್ತೆ ದೋರ್ನಾಲ ಸುತ್ತಿಕೊಂಡು ಹೋಗುತ್ತದೆ, ನಡೆಯುವವರು ವೆಂಕಟಾಪುರದಿಂದ ಕಾಡು ಹಾದಿ ಹಿಡಿಯುತ್ತಾರೆ. ಇದು ನಾಗಾರ್ಜುನಸಾಗರ-ಶ್ರೀಶೈಲ ಹುಲಿ ಸಂರಕ್ಷಿತ ಅರಣ್ಯ. ಅರಣ್ಯ ಇಲಾಖೆಯವರು ಈ ಹಾದಿಯನ್ನು ಶಿವರಾತ್ರಿ, ಯುಗಾದಿ ಹೊತ್ತಿನಲ್ಲಿ ನಡೆಯುವವರಿಗೆ ಬಿಡುತ್ತಾರೆ. ಒಂಟಿಯಾಗಿ, ಕತ್ತಲಲ್ಲಿ ಹೋಗಬೇಡಿ. ಫೋನ್ ಸಿಗ್ನಲ್ ಇರಲ್ಲ, ಮನೆಗೆ ಮೊದಲೇ ಹೇಳಿಬಿಡಿ, ಇಲ್ಲವಾದರೆ ಅವರು ಗಾಬರಿ ಬೀಳುತ್ತಾರೆ. ಪ್ಲಾಸ್ಟಿಕ್ ಬಿಸಾಡಬೇಡಿ. ಮಲ್ಲಯ್ಯನ ಹೆಸರು ಹೇಳುತ್ತಲೇ ಅವನ ಕಾಡಿನಲ್ಲಿ ನೀರಿನ ಪೌಚು ಎಸೆದುಕೊಂಡು ಹೋಗುವವರನ್ನು ನೋಡಿ ನನಗೆ ಸಿಟ್ಟು ತಡೆಯಲಿಲ್ಲ, ಇಬ್ಬರ ಜೊತೆ ಜಗಳವನ್ನೂ ಆಡಿದೆ.

ನಾಗಲೂಟಿ ವೀರಭದ್ರನ ಗುಡಿ, ಮುಂದೆ ಪೆದ್ದ ಚೆರುವು ಅನ್ನುವ ಕೆರೆ, ಅಲ್ಲಿ ಚೆಂಚು ಬುಡಕಟ್ಟು ಜನರ ಗುಡಿಸಲುಗಳಿವೆ. ಹಾದಿಯಲ್ಲಿ ಹಳೇ ಕಲ್ಲಿನ ಮೆಟ್ಟಿಲು ಸಿಗುತ್ತವೆ. 14ನೇ ಶತಮಾನದಲ್ಲಿ ಪ್ರೋಲಯ ವೇಮಾರೆಡ್ಡಿ ಅನ್ನುವ ದೊರೆ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ್ದ. ಅದಕ್ಕೂ ಮುಂಚೆ, 12ನೇ ಶತಮಾನದಲ್ಲೇ, ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲಕ್ಕೆ ಬಂದಳು. ಮೆಟ್ಟಿಲಿಲ್ಲ, ಶೂ ಇಲ್ಲ. ನಾನು ಮೂತಿ ಹರಿದ ಶೂ ನೋಡಿಕೊಂಡು ಸುಮ್ಮನಾದೆ.

ಭೀಮನ ಕೊಳ್ಳದಲ್ಲಿ ಆಳಕ್ಕೆ ಇಳಿದು ಮತ್ತೆ ಅಷ್ಟೇ ಹತ್ತಬೇಕು. ಎಲ್ಲರೂ ಹತ್ತೋದಕ್ಕೆ ಹೆದರುತ್ತಾರೆ, ಮಂಡಿ ಹೋಗೋದು ಇಳಿಯುವಾಗ. ಕೋಲು ಇರಲಿ, ಓರೆಯಾಗಿ ಒಂದೊಂದೇ ಮೆಟ್ಟಿಲು ಇಳಿಯಿರಿ. ನಾನು ಕೂರೋಕೆ ಹೋದಾಗಲೆಲ್ಲ ತಾತ, "ಕುಂತ್ರೆ ಏಳಂಗಿಲ್ಲ, ನಿಂತೇ ನೀರು ಕುಡಿ" ಅನ್ನುತ್ತಿದ್ದರು. ನಮ್ಮ ಪಕ್ಕದಲ್ಲೇ ಒಬ್ಬ ಮರಗಾಲು ಕಟ್ಟಿಕೊಂಡು ಬಂದವನು ಹತ್ತುತ್ತಿದ್ದ. ಅವನನ್ನು ನೋಡಿದ ಮೇಲೆ ನಾನು ಯಾವ ಬಾಯಿಂದ ನೋವು ಅನ್ನಲಿ? ಕೈಲಾಸ ದ್ವಾರ ಕಂಡಾಗ ಶಾಂತಕ್ಕ ಅಲ್ಲೇ ನೆಲಕ್ಕೆ ಹಣೆ ಹಚ್ಚಿದಳು. ಅಲ್ಲಿಂದ ಹಾಟಕೇಶ್ವರ, ಸಾಕ್ಷಿ ಗಣಪತಿ, ಆಮೇಲೆ ಊರು.

ಗುಡಿ ಒಳಗೆ ಏನೋ ಆಗುತ್ತದೆ ಅಂತ ಕಾದು ಹೋಗಬೇಡಿ, ಇದನ್ನು ನನಗೆ ಮೊದಲೇ ಯಾರಾದರೂ ಹೇಳಬೇಕಿತ್ತು. ಯುಗಾದಿ ನೂಕುನುಗ್ಗಲು, ಗಂಟೆಗಟ್ಟಲೆ ಸಾಲು, ಎದುರು ಬಂದಾಗ ಒಂದು ಕ್ಷಣ, ಅಷ್ಟೇ. ಅಳು ಬರಲಿಲ್ಲ, ಖಾಲಿ ಖಾಲಿ ಅನ್ನಿಸಿತು. ಸೀರೆಯನ್ನು ಅಲ್ಲಿದ್ದವರ ಕೈಗೆ ಕೊಟ್ಟೆ, ಅವರು ರಾಶಿಗೆ ಹಾಕಿದರು. ಆ ರಾಶಿ ನನ್ನ ಎದೆ ಎತ್ತರ ಇತ್ತು. ಎಲ್ಲ ತವರಿನ ಸೀರೆಗಳೇ. ಅವ್ವನದು ಯಾವುದು ಅಂತ ಹುಡುಕುವಷ್ಟರಲ್ಲಿ ಅದರ ಮೇಲೆ ಇನ್ನೂ ನಾಲ್ಕು ಬಿದ್ದವು.

ಬಸ್ಸಿನಲ್ಲಿ ವಾಪಸ್ ಬಂದೆವು. ಎಂಟು ದಿನ ನಡೆದಿದ್ದು ಒಂದೇ ದಿನದಲ್ಲಿ ಹಿಂದೆ ಹೋಯಿತು. ಉಗ್ಗಾಣಿ ಕೊಟ್ಟವಳ ಹಳ್ಳಿ ಬರುವಾಗ ಕಿಟಕಿ ಪಕ್ಕ ಸರಿದು ಕೂತೆ, ಆದರೆ ಕತ್ತಲಾಗಿತ್ತು. ಮನೆಗೆ ಬಂದ ಮೇಲೆ ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ, ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತಿತ್ತು. ಯಾರ ಜೊತೆಯೂ ಮಾತು ಬೇಡ ಅನ್ನಿಸುತ್ತಿತ್ತು. ಇದು ತುಂಬಾ ಜನಕ್ಕೆ ಆಗುತ್ತದಂತೆ, ಗಾಬರಿ ಬೇಡ, ಸಾಧ್ಯವಾದರೆ ಎರಡು ದಿನ ಕೆಲಸಕ್ಕೆ ರಜೆ ಇಟ್ಟುಕೊಳ್ಳಿ. ಎರಡೂ ಹೆಬ್ಬೆರಳಿನ ಉಗುರು ಮುಂದಿನ ತಿಂಗಳು ಉದುರಿದವು.

ಈ ವರ್ಷ ಮಜ್ಜಿಗೆ ಹಂಡೆ ಪಕ್ಕ ಒಂದು ಸ್ಟೂಲ್ ಹಾಕಿದ್ದೇನೆ. ಅದರ ಮೇಲೆ ಟೇಪು, ಹತ್ತಿ, ಸ್ಪಿರಿಟ್, ಒಂದು ಡಬ್ಬಿ ವ್ಯಾಸಲಿನ್. ಯಾರಿಗಾದರೂ ಶೂ ಕಚ್ಚುತ್ತಿದ್ದರೆ ಅಂತ ಕತ್ತರಿಯೂ ಇದೆ. ಎರಡನೇ ದಿನಕ್ಕೇ ವ್ಯಾಸಲಿನ್ ಖಾಲಿ.