ಆಹಾರ ಮುಟ್ಟದ ಕಾರ್ನ್ ಸ್ನೇಕ್: ನಮ್ಮ ಕರಾವಳಿಯ ಮನೆಗಳಿಗೆ ಒಪ್ಪುವ ಕ್ರಮ

ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ರಾಜ್ಯಗಳ ವಿಷವಿಲ್ಲದ ಹಾವು. ಅದನ್ನು ಸಾಕುವ ಬಗೆಗಿನ ಸಲಹೆಗಳು ಬಹುಪಾಲು ಚಳಿಯ ಊರುಗಳಿಂದ ಬಂದವಾದ್ದರಿಂದ, ಹಾವು ಇಲಿಯನ್ನು ಮುಟ್ಟದಿದ್ದರೆ ಪೆಟ್ಟಿಗೆಯನ್ನು ಇನ್ನಷ್ಟು ಬೆಚ್ಚಗೆ ಮಾಡಿ ಎಂಬುದೇ ಅವುಗಳಲ್ಲಿ ಮೊದಲ ಮಾತಾಗಿರುತ್ತದೆ. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಮನೆಗಳಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಕೋಣೆಯೇ 32 ಡಿಗ್ರಿ ದಾಟುವಾಗ ಈ ಸಲಹೆಯನ್ನು ಪಾಲಿಸಿದರೆ ಹಾವು ಆಹಾರವನ್ನು ಇನ್ನಷ್ಟು ದೂರ ಮಾಡುತ್ತದೆ. ನನ್ನ ಅಭಿಪ್ರಾಯದಲ್ಲಿ, ಹಟಮಾರಿ ಎನಿಸಿಕೊಂಡ ಹಾವುಗಳಲ್ಲಿ ಹೆಚ್ಚಿನವು ಹಟಮಾರಿಗಳಲ್ಲ. ಸರಿಪಡಿಸಬೇಕಾದದ್ದು ಅವು ಇರುವ ಪೆಟ್ಟಿಗೆ.

ಪೆಟ್ಟಿಗೆಯ ಒಂದು ಬದಿ 28ರಿಂದ 30 ಡಿಗ್ರಿ, ಇನ್ನೊಂದು ಬದಿ 24-25 ಡಿಗ್ರಿ ಇರಬೇಕು. ಹಾವು ತನಗೆ ಬೇಕಾದ ಕಡೆಗೆ ತಾನೇ ಸರಿಯುತ್ತದೆ. ಬೇಸಿಗೆಯಲ್ಲಿ ನಮಗೆ ಕಷ್ಟವಾಗುವುದು ತಂಪು ಬದಿ. ಹಂಚಿನ ಮಾಡಿನ ಮನೆಯಾದರೆ ನೆಲಕ್ಕೆ ಹತ್ತಿರ, ಪಡುವಣ ಬಿಸಿಲು ಬೀಳದ ಕೋಣೆಯಲ್ಲಿ ಪೆಟ್ಟಿಗೆಯನ್ನಿಟ್ಟು, ಹೀಟ್ ಮ್ಯಾಟನ್ನು (ಪೆಟ್ಟಿಗೆಯನ್ನು ಅಡಿಯಿಂದ ಬೆಚ್ಚಗಿಡುವ ವಿದ್ಯುತ್ ಹಾಸನ್ನು) ಆ ತಿಂಗಳುಗಳಲ್ಲಿ ಆರಿಸಿಬಿಡುವುದೇ ಲೇಸು. ಮ್ಯಾಟ್ ಬಳಸುವ ದಿನಗಳಲ್ಲಿ ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಬಳಸಲೇಬಾರದು, ಏಕೆಂದರೆ ಹಾವಿನ ಹೊಟ್ಟೆ ಸುಟ್ಟುಹೋಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸಮಸ್ಯೆ ಬೇರೆ: ಶೇಕಡಾ 40ರಿಂದ 60ರಷ್ಟು ಸಾಕಾಗುವ ಆರ್ದ್ರತೆ ನಮ್ಮಲ್ಲಿ ಅದನ್ನು ಎಷ್ಟೋ ಮೀರುತ್ತದೆ, ಹಾಸಿದ ತೆಂಗಿನ ನಾರಿನ ಪುಡಿಗೆ ಬೂಷ್ಟು ಹಿಡಿಯುತ್ತದೆ, ಹುರುಪೆಗಳಲ್ಲಿ ಹುಣ್ಣಾಗುತ್ತದೆ. ಮಳೆಗಾಲಕ್ಕೆ ಹಳೆಯ ಪತ್ರಿಕೆ ಹಾಸಿ ಆಗಾಗ ಬದಲಿಸುವುದು ಸುಲಭ. ಗಾಳಿಯಾಡುವ ರಂಧ್ರಗಳೂ ಹೆಚ್ಚಿರಲಿ.

ಎರಡೂ ಬದಿಗೆ ಒಂದೊಂದು ಅಡಗುತಾಣ ಬೇಕು. ಮರಿಗಳಿಗೆ ಬಾಯಿ ಕೊರೆದ ಗೆರಟೆಯೇ ಸಾಕು. ಹೊಸದಾಗಿ ತಂದ ಹಾವನ್ನು ಮೊದಲ ಒಂದು ವಾರ ಮುಟ್ಟದೆ, ನೀರನ್ನು ಮಾತ್ರ ಬದಲಿಸುತ್ತಾ, ಸುಮ್ಮನೆ ಬಿಡಬೇಕು. ನೆಂಟರಿಷ್ಟರು ನೋಡಲು ಬಂದಾಗಲೆಲ್ಲ ಹೊರತೆಗೆದು ತೋರಿಸಿದ ಹಾವು ಉಪವಾಸ ಬಿದ್ದರೆ ಆಶ್ಚರ್ಯವಿಲ್ಲ. ಕಣ್ಣು ಹಾಲಿನಂತೆ ಮಸುಕಾಗಿದ್ದರೆ ಅದು ಪೊರೆ ಬಿಡುವ ಹೊತ್ತು. ಆಗ ಆಹಾರ ಕೊಡುವುದೇ ಬೇಡ.

ಇನ್ನು ಆಹಾರದ ವಿಷಯ. ಇಲಿಯ ಗಾತ್ರ ಹಾವಿನ ದೇಹದ ಅತಿ ದಪ್ಪ ಭಾಗದಷ್ಟು, ಹೆಚ್ಚೆಂದರೆ ಅದರ ಒಂದೂವರೆ ಪಟ್ಟು ಇರಬೇಕು. ಮರಿಗೆ ಐದರಿಂದ ಏಳು ದಿನಕ್ಕೊಮ್ಮೆ ಕೂದಲು ಮೂಡದ ಇಲಿಮರಿ, ದೊಡ್ಡದಕ್ಕೆ ಹತ್ತರಿಂದ ಹದಿನಾಲ್ಕು ದಿನಕ್ಕೊಮ್ಮೆ ಬೆಳೆದ ಇಲಿ ಸಾಕು. ತೋಟದಲ್ಲಿ ಬೋನಿಗೆ ಬಿದ್ದ ಇಲಿಯನ್ನು ಎಂದಿಗೂ ಕೊಡಬಾರದು: ಅಡಿಕೆ, ತೆಂಗಿನ ತೋಟಗಳಲ್ಲಿ ಇಡುವ ಇಲಿಪಾಷಾಣ ಅದರ ಮೈಯಲ್ಲಿದ್ದರೆ ಹಾವಿಗೂ ಏರುತ್ತದೆ, ಪರೋಪಜೀವಿಗಳ ಕಾಟ ಬೇರೆ. ಸಾಕಿದ ಇಲಿಯನ್ನೇ ಹೆಪ್ಪುಗಟ್ಟಿಸಿಟ್ಟು ಬಳಸಬೇಕು. ಸಸ್ಯಾಹಾರಿಗಳ ಮನೆಯ ಫ್ರಿಜ್ಜಿನಲ್ಲಿ ಇದಕ್ಕೆ ಜಾಗ ಸಿಗುವುದು ಸುಲಭವಲ್ಲ; ಹಾವು ತರುವ ಮೊದಲೇ ಬೇರೆ ಸಣ್ಣ ಫ್ರೀಜರ್‌ನ ವ್ಯವಸ್ಥೆ ಮಾಡಿಕೊಳ್ಳುವುದು ಉತ್ತಮ. ಹಾಲೆರೆದು ನೋಡಿ ಎಂದು ಹಿರಿಯರು ಹೇಳಿದರೆ ವಿನಯದಿಂದ ತಪ್ಪಿಸಿಕೊಳ್ಳಿ, ಹಾಲು ಹಾವಿಗೆ ಜೀರ್ಣವಾಗುವುದಿಲ್ಲ.

ಇಲಿಯನ್ನು ಫ್ರಿಜ್ಜಿನ ಕೆಳಭಾಗದಲ್ಲಿ ಕರಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿಟ್ಟು, ಬದುಕಿರುವ ಇಲಿಯ ಮೈಬಿಸಿಗೆ, ಅಂದರೆ ಸುಮಾರು 38 ಡಿಗ್ರಿಗೆ ತರಬೇಕು, ಮೈಕ್ರೋವೇವ್ ಬೇಡ. ಮುಸ್ಸಂಜೆಯ ಮೇಲೆ, ದೀಪ ತಗ್ಗಿಸಿ, ಉದ್ದದ ಚಿಮುಟದಲ್ಲಿ ಹಿಡಿದು ಮೆಲ್ಲನೆ ಅಲ್ಲಾಡಿಸಬೇಕು. ಹಾವು ಹಿಂಜರಿದರೆ ಇಲಿಯನ್ನು ಅಡಗುತಾಣದ ಬಾಯಲ್ಲಿಟ್ಟು ರಾತ್ರಿ ಬಿಟ್ಟುಬಿಡಿ, ಬೆಳಿಗ್ಗೆ ಉಳಿದಿದ್ದರೆ ಎಸೆಯಿರಿ, ಮುಂದಿನ ಐದಾರು ದಿನ ಆ ಮಾತೇ ಎತ್ತಬೇಡಿ. ದಿನವೂ ಒಡ್ಡುತ್ತಾ ಹೋದರೆ ಹಾವು ಇನ್ನೂ ಬೆದರುತ್ತದೆ.

ಇಷ್ಟಾದರೂ ತಿನ್ನದ ಮರಿಗೆ ಒಂದೊಂದಾಗಿ ಉಪಾಯ ಹೂಡಬಹುದು. ಗಾಳಿರಂಧ್ರವಿರುವ ಸಣ್ಣ ಡಬ್ಬಿಯಲ್ಲಿ ಮರಿಯನ್ನೂ ಇಲಿಮರಿಯನ್ನೂ ಇಟ್ಟು ಒಂದು ರಾತ್ರಿ ಕತ್ತಲಲ್ಲಿ ಬಿಡುವುದು ಹಲವು ಬಾರಿ ಫಲಿಸುತ್ತದೆ. ಇಲಿಮರಿಯ ತಲೆಯನ್ನು ಸೂಜಿಯಿಂದ ಚುಚ್ಚಿ ಮಿದುಳಿನ ವಾಸನೆ ಹೊರಬರುವಂತೆ ಮಾಡುವುದು ನೋಡಲು ಅಸಹ್ಯವಾದರೂ ಪರಿಣಾಮಕಾರಿ. ಕಾಡಿನಲ್ಲಿ ಈ ಮರಿಗಳು ಸಣ್ಣ ಹಲ್ಲಿಗಳನ್ನು ತಿನ್ನುವುದರಿಂದ, ಗೋಡೆಯ ಹಲ್ಲಿ ಉದುರಿಸಿದ ಬಾಲವನ್ನು ಇಲಿಮರಿಗೆ ಉಜ್ಜಿದರೂ ಕೆಲಸವಾಗಬಹುದು. ಪರೋಪಜೀವಿಯ ಭಯವಿರುವುದರಿಂದ ಇದನ್ನು ಕೊನೆಗೆ ಇಟ್ಟುಕೊಳ್ಳಿ.

ಅಡುಗೆಮನೆಯ ಡಿಜಿಟಲ್ ತಕ್ಕಡಿಯಂಥದ್ದೊಂದನ್ನು ಇದಕ್ಕೇ ಮೀಸಲಿಟ್ಟು ವಾರಕ್ಕೊಮ್ಮೆ ತೂಕ ಬರೆದಿಡಿ. ಬೆಳೆದ ಗಂಡು ಹಾವು ಸಂತಾನಕಾಲದಲ್ಲಿ ಕೆಲವು ವಾರ ತಿನ್ನದಿದ್ದರೂ ತೂಕ ಹೆಚ್ಚು ಇಳಿಯದಿದ್ದರೆ ಗಾಬರಿ ಬೇಡ. ತೂಕ ಹತ್ತನೆಯ ಒಂದು ಭಾಗದಷ್ಟು ಇಳಿದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂಗಿನಲ್ಲಿ ಗುಳ್ಳೆ ಬಂದರೆ ಹಾವುಗಳ ಅನುಭವವಿರುವ ಪಶುವೈದ್ಯರನ್ನು ಕಾಣಬೇಕು. ಬಲವಂತವಾಗಿ ತಿನ್ನಿಸುವುದನ್ನು ಅವರ ಕೈಗೇ ಬಿಡಿ.

ತಿಂದ ಮೇಲೆ 48 ಗಂಟೆ ಕೈಗೆತ್ತಿಕೊಳ್ಳಬಾರದು. ಕಕ್ಕಿದರೆ ಎರಡು ವಾರ ಹೊಟ್ಟೆಗೆ ವಿಶ್ರಾಂತಿ ಕೊಟ್ಟು, ಮೊದಲಿನದರ ಅರ್ಧ ಗಾತ್ರದ ಇಲಿಯಿಂದ ಮತ್ತೆ ಆರಂಭಿಸಿ. ಉಪಾಯದಿಂದ ತಿಂದ ಹಾವಿಗೆ ಮುಂದಿನ ನಾಲ್ಕೈದು ಊಟಗಳನ್ನೂ ಅದೇ ರೀತಿ ಕೊಟ್ಟು, ಅನಂತರ ಹಲ್ಲಿಯ ವಾಸನೆಯನ್ನಾಗಲಿ ಡಬ್ಬಿಯನ್ನಾಗಲಿ ಸ್ವಲ್ಪಸ್ವಲ್ಪವೇ ಕಡಿಮೆ ಮಾಡುತ್ತಾ ಚಿಮುಟದ ರೂಢಿಗೆ ತನ್ನಿ.