ಮುಳುಗುವ ಕಾಡನ್ನು ಓದುಗರ ಬೆರಳಿಗೆ ಕೊಡುವುದು ಹೇಗೆ?

ಬ್ರೆಜಿಲಿನ ಮಾಮಿರಾವಾ ರಕ್ಷಿತಾರಣ್ಯದಲ್ಲಿ ಪ್ರತಿವರ್ಷ ಅಮೆಜಾನಿನ ನೀರು 10 ಮೀಟರಿಗೂ ಹೆಚ್ಚು ಏರುತ್ತದೆ. ಅಂದರೆ ಮೂರಂತಸ್ತಿನ ಮನೆ ಮುಳುಗುವಷ್ಟು. ಬರೆದು ಹೇಳಿದರೆ ಇದು ಬರೀ ಅಂಕಿ. ಪರದೆಯ ಮೇಲಿನ ಚಿತ್ರದಲ್ಲಿ ಓದುಗರೇ ಬೆರಳಿನಿಂದ ನೀರೇರಿಸಿ ನೋಡುವಂತಾದರೆ ಕಾಡು ಅರ್ಥವಾಗುತ್ತದೆ.

ಮೊದಲು ಪೆನ್ಸಿಲ್ ಹಿಡಿಯಿರಿ. ನದಿ, ದಂಡೆ, ಮರಗಳನ್ನು ಪಕ್ಕದಿಂದ ಸೀಳಿ ನೋಡಿದ ಹಾಗೆ ಬರೆಯಿರಿ. ಬದಿಯಲ್ಲಿ ಮೀಟರ್ ಗುರುತು, ಬುಡದಲ್ಲಿ ನಿಂತ ಒಬ್ಬ ಮನುಷ್ಯ. ಅಳತೆ ತಿಳಿಯುವುದು ಅವನಿಂದಲೇ.

ಇನ್ನು ಸ್ಲೈಡರ್, ಅಂದರೆ ನೀರೇರಿಸಲು ಬೆರಳಿನಿಂದ ಜರುಗಿಸುವ ಗುಂಡಿ. ಅದು ಜರುಗಬೇಕಾದದ್ದು ಮೀಟರಿನಲ್ಲಲ್ಲ, ತಿಂಗಳಿನಲ್ಲಿ. ಅಮೆಜಾನ್ ಸೀಮೆಯ ಮನಾಉಸ್ ನಗರದ ಬಂದರಿನಲ್ಲಿ 1902ರಿಂದ ನೀರಿನ ಮಟ್ಟ ದಾಖಲಾಗಿದೆ. ಅಲ್ಲಿ ಜೂನ್ ಹೊತ್ತಿಗೆ ತುಂಬುವ ನದಿ ಅಕ್ಟೋಬರ್–ನವೆಂಬರಿಗೆ ತಳ ಕಾಣುತ್ತದೆ. ಏರುವುದು ನಿಧಾನ, ಇಳಿಯುವುದು ಬೇಗ. ತಿಂಗಳುಗಳನ್ನು ಸಮ ಅಂತರದಲ್ಲಿಟ್ಟರೆ ಈ ಲಯ ತಾನಾಗಿಯೇ ಕಾಣುತ್ತದೆ.

ಪ್ರಾಣಿಗಳು ಐದಾರು ಸಾಕು. ಮೂವತ್ತು ತುಂಬಿದರೆ ಸಂತೆಯಾಗುತ್ತದೆ. ನೀರಿನೊಂದಿಗೆ ಬದುಕು ಬದಲಾಗುವವನ್ನೇ ಆರಿಸಿ. ತಂಬಾಕಿ ಮೀನು ಪ್ರವಾಹದ ಜೊತೆ ಕಾಡಿನೊಳಗೆ ನುಗ್ಗಿ, ಉದುರಿದ ರಬ್ಬರ್ ಬೀಜಗಳನ್ನು ಹಲ್ಲಿನಿಂದ ಒಡೆದು ತಿನ್ನುತ್ತದೆ. ಇಡಿಯಾಗಿ ನುಂಗಿದ ಸಣ್ಣ ಬೀಜಗಳನ್ನು ದೂರದಲ್ಲಿ ಬಿತ್ತುತ್ತದೆ. ಗುಲಾಬಿ ಡಾಲ್ಫಿನ್ನಿನ ಕತ್ತಿನ ಮೂಳೆಗಳು ಬೆಸೆದುಕೊಂಡಿಲ್ಲ, ಹಾಗಾಗಿ ಕತ್ತು ತಿರುಗಿಸುತ್ತ ಮರಗಳ ನಡುವೆ ಈಜಬಲ್ಲದು. ಮಾಮಿರಾವಾದ ಜಾಗ್ವಾರ್ ತಿಂಗಳುಗಟ್ಟಲೆ ಮರದ ಮೇಲೆಯೇ ಇರುತ್ತದೆ. ನನಗಂತೂ ಎಲ್ಲಕ್ಕಿಂತ ಅಚ್ಚರಿ ಇದೇ. ಒತ್ತಿದರೆ ತೆರೆಯುವ ಪೆಟ್ಟಿಗೆಯಲ್ಲಿ ಅದನ್ನು ಬಚ್ಚಿಡಬೇಡಿ. ನೀರೇರಿದಂತೆ ಓದುಗರ ಕಣ್ಣೆದುರೇ ಕೊಂಬೆ ಹತ್ತಲಿ.

ನೀರಿಗೆ ನೀಲಿ ಬಳಿಯಬೇಡಿ. ಆಂಡಿಸ್ ಬೆಟ್ಟಗಳ ಹೂಳು ಹೊತ್ತ ನದಿಯಲ್ಲಿ ಮುಳುಗುವ ಕಾಡಿಗೆ ವಾರ್ಜಿಯಾ ಎಂದು ಹೆಸರು. ಅಲ್ಲಿ ನೀರು ಹಾಲು ಬೆರೆಸಿದ ಕಾಫಿ. ರಿಯೊ ನೆಗ್ರೊ ನದಿಯ ದಂಡೆಯಲ್ಲಿ ಮುಳುಗುವ ಇಗಾಪೊ ಎಂಬ ಕಾಡಿನಲ್ಲಿ ಅದು ಕಪ್ಪು ಚಹಾದ ಡಿಕಾಕ್ಷನ್.

ಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪಿನಲ್ಲಿ ಪ್ರತಿ ಪ್ರಾಣಿಗೂ ಬೇರೆ ಲೇಯರ್ (ಪದರ) ಮಾಡಿ, ಹೆಸರಿಟ್ಟು, ಎಸ್‌ವಿಜಿ ಎಂಬ ಚಿತ್ರ ಕಡತವಾಗಿ ಉಳಿಸಿ. ಸ್ಲೈಡರಿಗೆ ಜಾಲಪುಟಗಳ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್ ಒಂದಿಷ್ಟು ಸಾಕು. ಕನ್ನಡ ಅಕ್ಷರಗಳನ್ನು ಚಿತ್ರವಾಗಿಸದೆ ಪಠ್ಯವಾಗಿಯೇ ಬಿಡಿ, ಪರದೆ ಓದುವ ತಂತ್ರಾಂಶಕ್ಕೂ ಸಿಗುತ್ತದೆ. ಸಾಲಿನ ಅಂತರ ಕಮ್ಮಿಯಾದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಸಣ್ಣ ಫೋನಿನಲ್ಲಿ ತೆರೆದು ನೋಡಿ.

ಇದೇ ಸ್ಲೈಡರನ್ನು ಉತ್ತರ ಕನ್ನಡದ ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗೆ, ಅಂದರೆ ರಾಮಪತ್ರೆ ಮರಗಳ ಜೌಗುಕಾಡಿಗೆ, ತರಬೇಡಿ. ಅಲ್ಲಿ ನೆಲ ವರ್ಷವಿಡೀ ಒದ್ದೆ, ಕಥೆಯಿರುವುದು ಕೆಸರಿನಿಂದ ಉಸಿರಿಗಾಗಿ ಮೇಲೆದ್ದ ಮಂಡಿಬೇರುಗಳಲ್ಲಿ. ಆ ಚಿತ್ರವನ್ನು ನೆಲಮಟ್ಟದಿಂದ ಶುರುಮಾಡಿ.