ಹಾರ್ನ್‌ಗೆ ಮರ ಬಿಟ್ಟು ಫೈಬರ್‌ಗ್ಲಾಸ್ ಹಿಡಿದೆ

ಸ್ಪೀಕರ್‌ನ ಸದ್ದನ್ನು ಹೊರಗೆ ಹರಡುವ, ಕಹಳೆಯಂತೆ ಬಾಯಿ ಅಗಲವಾದ ಹಾರ್ನ್‌ಗಳ ಮಾತಿದು. ನನ್ನ ಮೊದಲ ಜೋಡಿ ಹಾರ್ನ್ ಮರದವು. ತುಂಡುಗಳನ್ನು ಉಂಗುರವಾಗಿ ಅಂಟಿಸಿ, ಉಂಗುರಗಳನ್ನು ಒಂದರ ಮೇಲೊಂದು ಪೇರಿಸಿ, ಲೇತ್‌ಗೆ ಕಟ್ಟಿ ಒಳಗನ್ನು ಕೊರೆದು ಮಾಡಿದ್ದೆ. ನೋಡಲು ಬಹಳ ಚೆನ್ನಾಗಿದ್ದವು. ಆದರೆ ರಟ್ಟಿನ ನಮೂನೆ ಹಿಡಿದು ನೋಡಿದರೆ ಎರಡರ ಗಂಟಲೂ (ಹಾರ್ನ್‌ನ ಕಿರಿದಾದ ತುದಿ) ಬೇರೆ ಬೇರೆ. ಕೆಲವು ಕಡೆ 2 ಮಿ.ಮೀ. ವ್ಯತ್ಯಾಸ. ಬಾಯಿಯ ಕಡೆ ಉಳಿ ಸಲೀಸಾಗಿ ಆಡುತ್ತದೆ. ಡ್ರೈವರ್, ಅಂದರೆ ಸದ್ದು ಹುಟ್ಟಿಸುವ ಘಟಕ, ಕೂರುವ ಇಕ್ಕಟ್ಟಿನ ಜಾಗಕ್ಕೆ ಕೈಯೂ ಹೋಗುವುದಿಲ್ಲ, ಕಣ್ಣೂ ಹೋಗುವುದಿಲ್ಲ. ಅತಿ ಸೂಕ್ಷ್ಮವಾಗಿ ಮಾಡಬೇಕಾದ ಜಾಗವೂ ಅದೇ. ವರ್ಷ ಕಳೆಯುವಷ್ಟರಲ್ಲಿ ಮರ ತೇವ ಕುಡಿದು ಒಣಗಿ, ಅಂಟಿನ ಗೆರೆಗಳು ಬೆರಳಿಗೆ ತಾಗತೊಡಗಿದವು.

ಫೈಬರ್‌ಗ್ಲಾಸ್‌ನಲ್ಲಿ ಈ ಕಷ್ಟ ತಿರುವುಮುರುವಾಗುತ್ತದೆ. ಹಾರ್ನ್‌ನ ಒಳಗಿನ ಟೊಳ್ಳು ಯಾವ ಆಕಾರದಲ್ಲಿರಬೇಕೋ ಆ ಆಕಾರದ ಒಂದು ಗಟ್ಟಿ ಅಚ್ಚು ಮಾಡಿ, ಅದರ ಮೇಲೆ ರೆಸಿನ್ (ಗಟ್ಟಿಯಾಗುವ ಅಂಟುದ್ರವ) ಹಚ್ಚುತ್ತಾ ಪದರ ಪದರವಾಗಿ ಮ್ಯಾಟ್ (ಗಾಜಿನ ಎಳೆಗಳ ಹಾಸು) ಹಾಸಿ, ಒಣಗಿದ ಮೇಲೆ ಕಳಚುವುದು. ಒಳಗೆ ಕೊರೆಯಬೇಕಿದ್ದ ಕೆಲಸ ಹೊರಗೆ ಉಜ್ಜುವ ಕೆಲಸವಾಗುತ್ತದೆ. ಅಚ್ಚು ಸರಿಯಾದರೆ ಹಾರ್ನ್ ಸರಿ. ಹಾಗಾಗಿ ನನ್ನ ಸಮಯದ ಮುಕ್ಕಾಲು ಪಾಲು ಅಚ್ಚಿಗೇ ಹೋಯಿತು.

ಆಕಾರಕ್ಕೆ ನಾನು ಆರಿಸಿಕೊಂಡದ್ದು ಟ್ರಾಕ್ಟ್ರಿಕ್ಸ್ ಎಂಬ ಬಾಗುಗೆರೆ. 1920ರ ದಶಕದಲ್ಲಿ ಬ್ರಿಟನ್ನಿನ ಎಂಜಿನಿಯರ್ ಪಾಲ್ ವಾಯ್ಟ್ ಇದನ್ನು ಸ್ಪೀಕರ್‌ಗೆ ತಂದರು. ಒಂದು ವಸ್ತುವಿಗೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿ ಹಿಡಿದು ನೇರ ಗೆರೆಯ ಮೇಲೆ ನಡೆಯುತ್ತಾ ಹೋದರೆ, ಪಕ್ಕದಿಂದ ಎಳೆದುಕೊಂಡು ಬರುವ ಆ ವಸ್ತು ನೆಲದ ಮೇಲೆ ಬರೆಯುವ ಗೆರೆಯೇ ಟ್ರಾಕ್ಟ್ರಿಕ್ಸ್. ಹಗ್ಗದ ಉದ್ದವೇ ಬಾಯಿಯ ತ್ರಿಜ್ಯ. ಶಬ್ದದ ವೇಗವನ್ನು ಕಟ್‌ಆಫ್ ಆವರ್ತನದಿಂದಲೂ (ಹಾರ್ನ್ ಕೆಲಸ ಮಾಡುವ ಕೆಳಮಿತಿ) 2π ಯಿಂದಲೂ ಭಾಗಿಸಿದರೆ ಅದು ಸಿಗುತ್ತದೆ. 300 ಹರ್ಟ್ಸ್‌ಗೆ 182 ಮಿ.ಮೀ. ಬಂತು. ಗಂಟಲು 25.4 ಮಿ.ಮೀ. ವ್ಯಾಸ ಇಟ್ಟರೆ ಉದ್ದ ಸುಮಾರು 43 ಸೆಂ.ಮೀ. ಕಟ್‌ಆಫ್ ಹತ್ತಿರ ಹಾರ್ನ್ ಡ್ರೈವರ್‌ಗೆ ಸರಿಯಾದ ಹೊರೆ ಕೊಡುವುದಿಲ್ಲ. ಹಾಗಾಗಿ ನಾನು ಕ್ರಾಸ್‌ಓವರ್ (ಅದಕ್ಕಿಂತ ಕೆಳಗಿನ ಸ್ವರಗಳನ್ನು ಬೇರೆ ಸ್ಪೀಕರ್‌ಗೆ ಬಿಡುವ ಗಡಿ) ಇಟ್ಟದ್ದು 600 ಹರ್ಟ್ಸ್‌ಗೆ.

ಮೊದಲ ಅಚ್ಚನ್ನು ಥರ್ಮೋಕೋಲ್‌ನಲ್ಲಿ ಕೆತ್ತಿ ಮೇಲೆ ಬಣ್ಣ ಬಳಿದಿದ್ದೆ. ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಎಂಬ ದ್ರಾವಕ ಥರ್ಮೋಕೋಲನ್ನು ಕರಗಿಸುತ್ತದೆ ಎಂದು ಗೊತ್ತಿತ್ತು, ಬಣ್ಣ ತಡೆಯುತ್ತದೆ ಎಂದು ನಂಬಿದ್ದೆ. ಸೂಜಿಮೊನೆಯಷ್ಟು ತೂತು ಎಲ್ಲೋ ಉಳಿದಿತ್ತು. ರೆಸಿನ್ ಅಲ್ಲಿಂದ ನುಗ್ಗಿ ಒಳಗೆ ಗುಹೆಯನ್ನೇ ಮಾಡಿತು.

ಎರಡನೆಯದು ಪ್ಲಾಸ್ಟರ್ ಆಫ್ ಪ್ಯಾರಿಸ್. ನಡುವೆ ಕಬ್ಬಿಣದ ಕೊಳವೆ ನಿಲ್ಲಿಸಿ, ಸುತ್ತ ತಂತಿಬಲೆ ಕಟ್ಟಿ, ಅದರ ಮೇಲೆ ಪ್ಲಾಸ್ಟರ್ ಮೆತ್ತಿದೆ. ಟ್ರಾಕ್ಟ್ರಿಕ್ಸ್ ಗೆರೆಗೆ ಕತ್ತರಿಸಿದ ಅಲ್ಯೂಮಿನಿಯಂ ತಗಡನ್ನು ಕೊಳವೆಯ ಸುತ್ತ ತಿರುಗಿಸುತ್ತಾ ಹೋದರೆ ಹೆಚ್ಚಿನದನ್ನು ಅದು ಹೆರೆದು ಹಾಕುತ್ತದೆ, ಕಡಿಮೆ ಇರುವ ಕಡೆ ಮತ್ತೆ ಮೆತ್ತಬೇಕು. ಏಳೆಂಟು ಸುತ್ತಿನ ನಂತರ ಆಕಾರ ತಾನಾಗಿ ಮೂಡಿತು. ಆ ಕ್ಷಣದ ಖುಷಿಗಾಗಿಯೇ ಇನ್ನೊಂದು ಅಚ್ಚು ಮಾಡಬೇಕೆನಿಸುತ್ತದೆ. ಗಂಟಲಿನಾಚೆ 20 ಮಿ.ಮೀ. ಹೆಚ್ಚುವರಿಯಾಗಿ ಮುಂದುವರಿಸಿದೆ, ಆಮೇಲೆ ಕತ್ತರಿಸಲು ಬೇಕಾಗುತ್ತದೆ. ಎರಡು ವಾರ ಒಣಗಲು ಬಿಟ್ಟು, ಅರಗಿನ ವಾರ್ನಿಷ್ ಮೂರು ಕೈ ಹಾಕಿ, ಕಾರ್‌ಗೆ ಹಾಕುವ ಪುಟ್ಟಿಯಿಂದ ತಗ್ಗು ತುಂಬಿ, 600 ನಂಬರಿನ ಕಾಗದದವರೆಗೂ ನೀರು ಹಾಕಿ ಉಜ್ಜಿದೆ. ಕತ್ತಲಲ್ಲಿ ಟಾರ್ಚನ್ನು ಮೈಗೆ ಓರೆಯಾಗಿ ಹಿಡಿದು ನೋಡಿ. ಹಗಲಲ್ಲಿ ಕಾಣದ ಏರಿಳಿತಗಳೆಲ್ಲ ನೆರಳಾಗಿ ಎದ್ದು ಕಾಣುತ್ತವೆ.

ಹಾರ್ನ್ ಅಚ್ಚಿಗೆ ಅಂಟದಿರಲು ಐದು ಸಲ ಮೇಣ ಹಚ್ಚಿ ಒರೆಸಿ, ಮೇಲೆ ಪಿ.ವಿ.ಎ. (ಪಾಲಿವಿನೈಲ್ ಆಲ್ಕೋಹಾಲ್) ದ್ರಾವಣದ ತೆಳುಪೊರೆ. ನಂತರ ಅರ್ಧ ಮಿ.ಮೀ. ಜೆಲ್‌ಕೋಟ್, ಅಂದರೆ ಹಾರ್ನ್‌ನ ನುಣುಪಾದ ಒಳಮೈ ಆಗುವ ಮಂದ ರೆಸಿನ್. ಬೆರಳಿಗೆ ಅಂಟು ತಾಗಬೇಕು, ಆದರೆ ಬೆರಳಿಗೆ ಜೆಲ್‌ಕೋಟ್ ಮೆತ್ತಿಕೊಳ್ಳಬಾರದು. ಮೊದಲ ಮ್ಯಾಟ್ ಹಾಸುವ ಹೊತ್ತು ಅದು. ಒಂದು ಪದರ 300 ಗ್ರಾಂ ಮ್ಯಾಟ್, ಮೇಲೆ ನಾಲ್ಕು ಪದರ 450 ಗ್ರಾಂ (ಚದರ ಮೀಟರ್‌ಗೆ ಅದರ ತೂಕ). ಒಟ್ಟು ದಪ್ಪ ಸುಮಾರು 5 ಮಿ.ಮೀ. ಮ್ಯಾಟನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದ ಹರಿಯಬೇಕು, ಆಗ ಅಂಚುಗಳು ಒಂದರಲ್ಲೊಂದು ಬೆರೆತುಹೋಗುತ್ತವೆ. ಗಂಟಲಿನ ಹತ್ತಿರ ಎರಡು ಬೆರಳು ಅಗಲದ ಪಟ್ಟಿಗಳೇ ಸೈ. ಎರಡು ಪದರ ಆದ ಮೇಲೆ ಡ್ರೈವರ್‌ಗೆಂದು ಪ್ಲೈವುಡ್ ಉಂಗುರವನ್ನು ಗಂಟಲಿಗೆ ತೊಡಿಸಿ, ಉಳಿದ ಪದರಗಳನ್ನು ಅದರ ಬೆನ್ನಿನ ಮೇಲೆ ಹಾಯಿಸಿದೆ. ಕೊನೆಗೆ ಹೆಚ್ಚುವರಿ ಕೊಳವೆಯನ್ನು ಉಂಗುರದ ಮಟ್ಟಕ್ಕೆ ಕತ್ತರಿಸಿದರೆ ಡ್ರೈವರ್ ಸೇರುವಲ್ಲಿ ಮೆಟ್ಟಿಲೇ ಇರುವುದಿಲ್ಲ. 10,000 ಹರ್ಟ್ಸ್‌ನಲ್ಲಿ ಶಬ್ದದ ಅಲೆ 34 ಮಿ.ಮೀ. ಮಾತ್ರ, ಅಲ್ಲಿ ಸಣ್ಣ ಮೆಟ್ಟಿಲೂ ದೊಡ್ಡದೇ.

ರೆಸಿನನ್ನು ಒಂದು ಸಲಕ್ಕೆ 200 ಗ್ರಾಂ, ಅದನ್ನು ಗಟ್ಟಿಯಾಗಿಸುವ ಹಾರ್ಡನರ್ 3 ಗ್ರಾಂ, ಇಷ್ಟೇ ಕಲಸಿ. ಒಮ್ಮೆ ಅವಸರದಲ್ಲಿ ಅರ್ಧ ಕೆ.ಜಿ. ಕಲಸಿದೆ, ಡಬ್ಬಿಯಲ್ಲೇ ಕಾದು ಹೊಗೆ ಎದ್ದಿತು. ದಿನಕ್ಕೆ ಎರಡು ಪದರಕ್ಕಿಂತ ಹೆಚ್ಚು ಹಾಸಲಿಲ್ಲ. ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ, ಕನ್ನಡಕ ಹಾಕದೆ ಮುಚ್ಚಳ ತೆಗೆಯಬೇಡಿ. ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ) ಪ್ರತ್ಯೇಕವಾಗಿ ಬರುವ ರೆಸಿನ್ ಆದರೆ ಅದನ್ನೂ ಹಾರ್ಡನರನ್ನೂ ಎಂದಿಗೂ ನೇರವಾಗಿ ಬೆರೆಸಬಾರದು, ಸ್ಫೋಟವಾಗುತ್ತದೆ. ಮೊದಲು ರೆಸಿನ್‌ಗೆ ಕೋಬಾಲ್ಟ್ ಪೂರ್ತಿ ಬೆರೆಯಲಿ, ಆಮೇಲೆ ಹಾರ್ಡನರ್. ಬಟ್ಟೆಯ ಮಾಸ್ಕ್ ರೆಸಿನ್‌ನ ವಾಸನೆಗೆ ಸಾಲದು, ಆವಿ ತಡೆಯುವ ಫಿಲ್ಟರ್ ಇರುವುದೇ ಬೇಕು.

ನಾಲ್ಕು ದಿನ ಬಿಟ್ಟು ಕಳಚಲು ಹೋದರೆ ಜಗ್ಗಲಿಲ್ಲ. ಪಾಲಿಯೆಸ್ಟರ್ ಗಟ್ಟಿಯಾಗುತ್ತಾ ಕುಗ್ಗಿ ಅಚ್ಚನ್ನು ಅಪ್ಪಿಕೊಂಡಿತ್ತು. ಬಾಯಿಯ ಅಂಚಿನ ಸುತ್ತ ನೀರು ಬಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದೆ. ಪಿ.ವಿ.ಎ. ನೀರಿನಲ್ಲಿ ಕರಗುವಂಥದ್ದು. ಅರ್ಧ ಗಂಟೆಯ ನಂತರ ಗಂಟಲಿನ ಕಡೆಗೆ ಎಳೆದಾಗ ಒಮ್ಮೆಲೇ ಜಾರಿ ಬಂತು, ಒಳಮೈ ಗಾಜಿನಂತೆ.

ಬೆರಳಿನ ಗೆಣ್ಣಿನಿಂದ ಬಡಿದು ನೋಡಿದೆ. ಠಣ್ ಎಂದಿತು! ಮರದ್ದು ಡಬ್ ಎನ್ನುತ್ತಿತ್ತು. ಫೈಬರ್‌ಗ್ಲಾಸ್‌ನ ನಿಜವಾದ ದೋಷ ಇದು, ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ. ಡ್ರೈವರ್ ಹಾಕಿ ಸ್ವರವನ್ನು ನಿಧಾನವಾಗಿ ಏರಿಸುತ್ತಾ ಹೋದಾಗ ಒಂದು ಕಡೆ ಗೋಡೆ ನಡುಗುವುದು ಅಂಗೈಗೇ ಗೊತ್ತಾಗುತ್ತಿತ್ತು. ಕಾರ್ ಬಾಗಿಲಿನೊಳಗೆ ಅಂಟಿಸುವ ಡಾಂಬರು ಹಾಳೆಯನ್ನು ಹೊರಮೈಗೆ ಹಚ್ಚಿ, ಅದರ ಮೇಲೆ ಮತ್ತೊಂದು ಗಟ್ಟಿ ಪದರ ಕೊಟ್ಟೆ. ಎರಡು ಗಟ್ಟಿ ಗೋಡೆಗಳ ನಡುವೆ ಸಿಕ್ಕ ಮೆತ್ತನೆಯ ಪದರ ಕಂಪನವನ್ನು ಶಾಖವಾಗಿ ತಿಂದುಹಾಕುತ್ತದೆ. ಆದರೆ ಈ ಹೊರಪದರಕ್ಕೆ ಪಾಲಿಯೆಸ್ಟರ್ ಬೇಡ, ಸ್ಟೈರೀನ್ ಡಾಂಬರನ್ನೂ ಕರಗಿಸುತ್ತದೆ. ಸ್ಟೈರೀನ್ ಇಲ್ಲದ ಎಪಾಕ್ಸಿ ರೆಸಿನ್ ಬಳಸಿ, ಅದರೊಂದಿಗೆ ಮ್ಯಾಟ್ ಬದಲು ನೇಯ್ದ ಗಾಜಿನ ಬಟ್ಟೆ. ಸಾಮಾನ್ಯ ಮ್ಯಾಟ್‌ನ ಎಳೆಗಳನ್ನು ಹಿಡಿದಿಡುವ ಅಂಟು ಎಪಾಕ್ಸಿಯಲ್ಲಿ ಸರಿಯಾಗಿ ಕರಗುವುದಿಲ್ಲ. ಈಗ ಬಡಿದರೆ ಸದ್ದು ಮರಕ್ಕಿಂತಲೂ ಮಂದ.

ಎರಡನೆಯ ಹಾರ್ನ್ ಅದೇ ಅಚ್ಚಿನಿಂದ ಬಂತು. ಮೈಕ್ ಇಟ್ಟು ಸದ್ದು ಅಳೆದಾಗ ಎರಡರ ಗ್ರಾಫ್ ಗೆರೆಗಳೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತವು. ಮರದ ಜೋಡಿಯಲ್ಲಿ ಇದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಬಾಯಿಯ ಅಂಚು ಹಿಂದಕ್ಕೆ ಸುರುಳಿಯಾಗಿ ಮಡಚಿದ್ದರೆ ಇನ್ನೂ ಒಳ್ಳೆಯದಿತ್ತು, ಆದರೆ ಸುರುಳಿ ಪೂರ್ತಿ ಸುತ್ತಿ ಒಳಕ್ಕೆ ತಿರುಗಿದರೆ ಹಾರ್ನ್ ಅಚ್ಚಿಗೆ ಸಿಕ್ಕಿಹಾಕಿಕೊಂಡು ಕಳಚುವುದೇ ಇಲ್ಲ. ಅದಕ್ಕೆ ಬೇರೆಯೇ ಒಂದು ದುಂಡಂಚಿನ ಉಂಗುರ ತಿರುವಿ ಅಂಟಿಸುತ್ತಿದ್ದೇನೆ. ಅದು ಮರದ್ದೇ. ಹೊರಗಿನಿಂದ ತಿರುವುವ ಕೆಲಸವಾದ್ದರಿಂದ ಉಳಿ ಎಲ್ಲ ಕಡೆಗೂ ತಲುಪುತ್ತದೆ.